ಅಗತ್ಯವಿರುವಷ್ಟು ಮೇಲ್ವಿಚಾರಣೆ

ನೆವಿಲ್ ಹಾಕ್ಲಿ ಕೆಲಸಕ್ಕೆ ಹೊರಡುವುದೆಂದರೆ ಅಡುಗೆಮನೆಯಿಂದ ವರಾಂಡಕ್ಕೆ ಬರುವುದು. ಬೆಳಗ್ಗೆ ಟೋಸ್ಟಿಗೆ ವೆಜಿಮೈಟ್ ಮೆತ್ತಿಸಿಕೊಂಡು ತಿಂದು, ಅಗಲ ಅಂಚಿನ ಟೋಪಿ ಇಟ್ಟುಕೊಂಡು, ಹೆಂಡತಿಗೆ "ಬರ್ತೀನಿ ಕಣೇ, ಡ್ಯೂಟಿಗೆ ಹೊತ್ತಾಯ್ತು" ಎಂದು ಹೇಳಿ, ಜಾಲರಿ ಬಾಗಿಲು ದೂಡಿಕೊಂಡು ಬಂದು ಬೆತ್ತದ ಕುರ್ಚಿಯಲ್ಲಿ ಕೂತನೆಂದರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಕೊರಳಲ್ಲಿ ದುರ್ಬೀನು, ಪಕ್ಕದಲ್ಲಿ ಕುದುರೆ ರೇಸಿನ ರೇಡಿಯೊ. ಎದುರಿಗೆ ಒಣಹುಲ್ಲಿನ ಬಯಲು, ಅದರಾಚೆ ತಗಡಿನ ಹ್ಯಾಂಗರ್. ಅದರೊಳಗೆ ಸೊಸೆ ಬ್ರಯೋನಿ ಹೆಲಿಕಾಪ್ಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತಿದ್ದಳು. ಅವಳು ಮಾಡುವುದು ಕೆಲಸ, ಇವನು ಮಾಡುವುದು ಮೇಲ್ವಿಚಾರಣೆ.

ಹೆಂಡತಿ ರೇಲೀನ್‌ಗೆ ಆ ಕುರ್ಚಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಗಂಡ ಮೈಮುರಿದು ದುಡಿದ ಕಾಲವನ್ನು ಅವಳು ಕಂಡಿರಲಿಲ್ಲ ಅಂತಲ್ಲ. ಕ್ಯಾಥರೀನ್ ಪಟ್ಟಣದ ಸುತ್ತಮುತ್ತಲ ದನಗಾವಲಿನವರೆಲ್ಲ ಹೆಲಿಕಾಪ್ಟರ್ ಕೆಟ್ಟರೆ "ನೆವ್ ಹತ್ರ ಒಯ್ಯಿ" ಅನ್ನುತ್ತಿದ್ದ ದಿನಗಳಿದ್ದವು. ಈಗ ಉಳಿದಿರುವುದು ಗೋಡೆಗೆ ತೂಗುಹಾಕಿದ ರಿಪೇರಿ ಲೈಸೆನ್ಸು, ಕೆಟ್ಟ ಮಂಡಿ, ಅದಕ್ಕಿಂತ ಕೆಟ್ಟ ಜಂಬ. ಮನೆಯಲ್ಲಿ ಆ ಲೈಸೆನ್ಸ್ ಇರುವವನು ಇವನೊಬ್ಬನೇ. ಮಗ ಡೇಮಿಯನ್ ಹೆಲಿಕಾಪ್ಟರ್ ಹಾರಿಸಿ ಬಯಲಲ್ಲಿ ಚದುರಿದ ದನಗಳನ್ನು ಅಟ್ಟಿ ಕೂಡಿಸುತ್ತಾನೆ, ರಿಪೇರಿ ಬರುವುದಿಲ್ಲ. ಸೊಸೆಗೆ ರಿಪೇರಿ ಬರುತ್ತದೆ, ಲೈಸೆನ್ಸ್ ಇಲ್ಲ. ಹಾಗಾಗಿ ಇಡೀ ಸಂಸಾರ ಒಂದು ಬೆತ್ತದ ಕುರ್ಚಿಯ ಮೇಲೆ ನಿಂತಿತ್ತು.

ಭಾನುವಾರದ ಊಟಕ್ಕೆ ಎಲ್ಲರೂ ಕೂತಿದ್ದರು. ಸುಟ್ಟ ಕುರಿಮಾಂಸ, ಕುಂಬಳ, ಬಟಾಣಿ. ಐದು ವರ್ಷದ ಇಂಡಿ ಬಟಾಣಿಯನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳುತ್ತಿದ್ದಳು.

"ನೆವ್, ನನ್ನ ಪರೀಕ್ಷೆ ಎಲ್ಲಾ ಮುಗೀತು" ಎಂದಳು ಬ್ರಯೋನಿ. "ಇನ್ನು ಬಾಕಿ ಇರೋದು ನಿಮ್ಮ ಸಹಿ ಮಾತ್ರ."

"ಯಾವುದಕ್ಕೆ?"

"ಯಾವುದಕ್ಕೆ ಅಂತ ನಿಮಗೆ ಚೆನ್ನಾಗಿ ಗೊತ್ತು. ಮೂರು ವರ್ಷ ನಾನು ನಿಮ್ಮ ಕಣ್ಣೆದುರಿಗೆ ಕೆಲಸ ಮಾಡಿದ್ದೀನಿ ಅನ್ನೋದಕ್ಕೆ. ಅದಿಲ್ಲದೆ ನಂಗೆ ಲೈಸೆನ್ಸ್ ಕೊಡಲ್ಲ."

ನೆವ್ ಮಾಂಸ ಅಗಿಯುತ್ತಾ ಯೋಚಿಸುವವನ ಹಾಗೆ ಮುಖ ಮಾಡಿದ. "ನೀನಿನ್ನೂ ಹಣ್ಣಾಗಿಲ್ಲ ಕಣಮ್ಮಾ."

"ಹಣ್ಣಾಗಕ್ಕೆ ನಾನೇನು ಮಾವಿನಕಾಯಾ? ಆಗಿದ್ರೂ, ಹತ್ರ ಬಂದು ಮುಟ್ಟಿ ನೋಡಿದ್ರೆ ತಾನೇ ಗೊತ್ತಾಗೋದು? ನೀವು ಹ್ಯಾಂಗರಿನೊಳಗೆ ಕಾಲಿಟ್ಟು ಎಷ್ಟು ಕಾಲ ಆಯ್ತು?"

"ಅಪ್ಪ ದಿನಾ ಸಾಯಂಕಾಲ ಬಂದು ಗೆರೆ ಹಾಕ್ತಾರಲ್ಲ" ಎಂದ ಡೇಮಿಯನ್. ಅವನು ಅಪ್ಪನ ಪರವೂ ಅಲ್ಲ, ಹೆಂಡತಿಯ ಪರವೂ ಅಲ್ಲ, ಊಟದ ಪರ.

"ಗೆರೆ ಹಾಕಕ್ಕೆ ಬರ್ತಾರೆ, ನೋಡಕ್ಕೆ ಬರಲ್ಲ."

ನೆವ್ ಚಾಕು ಕೆಳಗಿಟ್ಟ. ಇಂಥ ಹೊತ್ತಿಗೆಂದೇ ಅವನು ಕಾನೂನಿನ ಒಂದು ಸಾಲನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದ. "ಏನು ಹೇಳುತ್ತೆ ಕಾನೂನು? ಲೈಸೆನ್ಸ್ ಇಲ್ಲದೋರ ಕೆಲಸಾನ ಲೈಸೆನ್ಸ್ ಇರೋನು ಖುದ್ದಾಗಿ ನೋಡಬೇಕು, ಅಗತ್ಯವಿರುವಷ್ಟು. ಕೇಳಿಸ್ತಾ? ಅಗತ್ಯವಿರುವಷ್ಟು. ಅಗತ್ಯ ಎಷ್ಟು ಅಂತ ತೀರ್ಮಾನ ಮಾಡೋನು ಯಾರು? ನಾನು."

"ಕೇಳಿದ್ರೆ ಉತ್ತರ ಹೇಳೋಕೆ ಹತ್ತಿರದಲ್ಲೇ ಇರಬೇಕು ಅಂತಾನೂ ಅದೇ ಕಾನೂನು ಹೇಳುತ್ತೆ."

"ಕೂಗು. ನನ್ನ ಕಿವಿ ಚೆನ್ನಾಗಿದೆ."

"ತಾತ, ನಾನು ಬಟಾಣಿ ಎಷ್ಟು ತಿನ್ಬೇಕು?" ಎಂದಳು ಇಂಡಿ.

"ಅಗತ್ಯವಿರುವಷ್ಟು" ಎಂದಳು ರೇಲೀನ್. ಬ್ರಯೋನಿಗೆ ನಗು ಬಂತು. ನೆವ್‌ಗೆ ಬರಲಿಲ್ಲ.

ಅವನು ಯಾಕೆ ಸಹಿ ಹಾಕುತ್ತಿಲ್ಲ ಅನ್ನುವುದು ಅಂಗೈ ಹುಣ್ಣು, ಅದಕ್ಕೆ ಕನ್ನಡಿ ಬೇಕಿರಲಿಲ್ಲ. ಸೊಸೆಗೆ ಲೈಸೆನ್ಸ್ ಬಂದ ದಿನ ಅವನ ಕುರ್ಚಿ ಬರೀ ಕುರ್ಚಿಯಾಗುತ್ತದೆ. ಆಮೇಲೆ "ಟೀ ತಾ" ಎಂದರೆ ತರುವವರು ಯಾರು? ರೇಲೀನ್ ಪಾತ್ರೆ ಉಜ್ಜುತ್ತಾ ಇದನ್ನೆಲ್ಲ ಎಣಿಸಿದಳು, ಎಣಿಸಿ ಮರುದಿನ ಬೆಳಗ್ಗೆ ಎಂದಿನಂತೆ ಹತ್ತೂವರೆಗೆ ಅವನಿಗೆ ಟೀ ತಂದುಕೊಟ್ಟಳು. ಬೈದುಕೊಂಡು ಕೊಟ್ಟರೂ ಟೀ ಟೀಯೇ.

ಗೆರೆಯ ವಿಷಯ ಹೇಳಬೇಕು. ನಟ್ಟನ್ನು ಅಳತೆಗೆ ತಕ್ಕಂತೆ ಬಿಗಿ ಮಾಡಿದ ಮೇಲೆ ಅದರ ಮೇಲಿಂದ ಪಕ್ಕದ ಲೋಹದ ಮೇಲಕ್ಕೆ ಹರಿಯುವ ಹಾಗೆ ಸಣ್ಣದೊಂದು ಬಣ್ಣದ ಗೆರೆ ಎಳೆಯುತ್ತಾರೆ. ಆಮೇಲೆ ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಹಾಕ್ಲಿಯವರ ಹ್ಯಾಂಗರಿನಲ್ಲಿ ಎರಡು ಗೆರೆ. ಬಿಗಿ ಮಾಡಿದವರದು ಬಿಳಿ, ನೋಡಿ ಒಪ್ಪಿದವನದು ಕೆಂಪು. ಹಿಂದೊಮ್ಮೆ ಬಣ್ಣ ಮುಗಿದಾಗ ನೆವ್ ಹೆಂಡತಿಯ ಉಗುರುಬಣ್ಣದ ಸೀಸೆ ಎತ್ತಿಕೊಂಡು ಹೋಗಿದ್ದ. ಅದೇ ವಾಡಿಕೆಯಾಯಿತು. ಈಗಲೂ ಔಷಧಿ ಅಂಗಡಿಯಲ್ಲಿ ಆ ಗಾಢ ಕೆಂಪಿನ ಸೀಸೆಯನ್ನು ಕೊಳ್ಳುವವಳು ರೇಲೀನೇ. ಅಂಗಡಿಯ ಹುಡುಗಿ "ನಿಮಗೆ ಈ ಬಣ್ಣ ಬಹಳ ಇಷ್ಟ ಅಲ್ವಾ" ಎಂದು ಅವಳ ಬೋಳು ಉಗುರುಗಳನ್ನು ನೋಡಿ ಸುಮ್ಮನಾಗುತ್ತಿದ್ದಳು.

ಮುಂದಿನ ವಾರ ಒಂದು ಬೆಳಗ್ಗೆ ಬ್ರಯೋನಿ ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದಳು. ಕೈತುಂಬ ಗ್ರೀಸು. ಸಿಂಕಿನಲ್ಲಿ ಕೈ ತೊಳೆದು, ರೇಲೀನ್ ಆಗತಾನೇ ಒಲೆಯಿಂದ ತೆಗೆದ ಕುಂಬಳದ ಸ್ಕೋನ್ ಒಂದನ್ನು ಬಾಯಿಗಿಟ್ಟಳು. ವರಾಂಡದಿಂದ ನೆವ್‌ನ ದನಿ ಕೇಳಿತು.

"ರೇಲೀನ್! ನೋಡು ಬಾ. ನಾನು ನೋಡಲ್ಲ ಅಂತಾಳಲ್ಲ ನಿನ್ನ ಸೊಸೆ. ಈಗ ಬಾಲದ ಹತ್ರ ಬಗ್ಗಿದಾಳೆ. ಒಂದೇ ಕಡೆ ಎಷ್ಟು ಹೊತ್ತು ನಿಂತಿದಾಳೆ ನೋಡು, ಸೋಮಾರಿ." ಆಮೇಲೆ ಎದ್ದು ನಿಂತು ಬಯಲಿಗೆ ಕೇಳುವಂತೆ ಕೂಗಿದ. "ಬ್ರಯೋನಿ! ಕೈ ಸ್ವಲ್ಪ ಬೇಗ ಆಡಲಿ!"

ಬ್ರಯೋನಿ ಸ್ಕೋನ್ ಅಗಿಯುವುದನ್ನು ನಿಲ್ಲಿಸಿದಳು. ಹ್ಯಾಂಗರಿನಲ್ಲಿ ಹೆಲಿಕಾಪ್ಟರಿನ ಬಾಲದ ಹತ್ತಿರ ನಿಂತಿದ್ದದ್ದು ಏಣಿ. ಏಣಿಗೆ ನೇತುಹಾಕಿದ್ದದ್ದು ಅವಳ ನೀಲಿ ಮೇಲಂಗಿ.

"ಇವರಿಗೆ ಕಣ್ಣೇ ಕಾಣಲ್ಲ ರೇಲೀನ್."

"ಬಿಸಿಲು ಜಾಸ್ತಿ ಇದೆ. ಕಣ್ಣು ಕುಕ್ಕುತ್ತೆ."

"ಬಿಸಿಲಾ? ಮೇಲಂಗಿಗೆ ಬೈತಾ ಇದಾರೆ ಕಣ್ರೀ!"

"ಮೆತ್ತಗೆ ಮಾತಾಡು. ಕಿವಿ ಚೆನ್ನಾಗಿದೆ."

ರೇಲೀನ್‌ಗೆ ಹೊಸದೇನಲ್ಲ. ಅವನು ಟೀಗೆ ಉಪ್ಪು ಹಾಕಿಕೊಂಡು ಕುಡಿದು "ಚೆನ್ನಾಗಿದೆ" ಅಂದದ್ದನ್ನು ಅವಳು ಕಂಡಿದ್ದಳು. ಸೋಫಾದ ದಿಂಬಿಗೆ "ಇಳಿಯೋ ನಾಯಿ" ಎಂದು ಗದರಿದ್ದನ್ನೂ ಕಂಡಿದ್ದಳು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದು ಒಮ್ಮೆ ಹೇಳಿದ್ದಕ್ಕೆ ಅವನು ಮನೆ ಹಾರಿಹೋಗುವ ಹಾಗೆ ಕೂಗಾಡಿದ್ದ. "ನಂಗೆ ಕಣ್ಣಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡಿ, ಹ್ಯಾಂಗರ್ ಮುಚ್ಚಿಸು, ಆಮೇಲೆ ಸೂಪರ್ ಮಾರ್ಕೆಟ್‌ನಲ್ಲಿ ನೀನು ತರಕಾರಿ ಜೋಡಿಸ್ಕೊಂಡು ನನ್ನ ಸಾಕು." ಅಂದಿನಿಂದ ಅವಳು ಉಪ್ಪಿನ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಇಟ್ಟಳು, ಅಷ್ಟೇ.

ಆ ಸಂಜೆ ಹಿತ್ತಿಲಲ್ಲಿ ಸಾಸೇಜು ಸುಡುತ್ತಿದ್ದ ಗಂಡನಿಗೆ ಬ್ರಯೋನಿ ಎಲ್ಲ ಹೇಳಿದಳು. ಬಟ್ಟೆ ತೆಗೆಯುತ್ತಿದ್ದ ರೇಲೀನ್‌ಗೆ ಪ್ರತಿ ಮಾತೂ ಕೇಳಿಸಿತು.

"ಸೀಸನ್ ಮುಗೀಲಿ ಬ್ರೈ" ಎಂದ ಡೇಮಿಯನ್. "ಈಗ ಹ್ಯಾಂಗರ್ ನಿಂತ್ರೆ ಮೂರು ದನಗಾವಲಿನ ಕೆಲಸ ಕೈ ಬಿಡುತ್ತೆ."

"ಅವರು ಏನನ್ನೂ ನೋಡ್ತಾ ಇಲ್ಲ ಡೇಮೋ."

"ನೀನು ಸರಿಯಾಗೇ ಮಾಡ್ತೀಯಲ್ಲ. ಅವರು ನೋಡಿದ್ರೆಷ್ಟು, ಬಿಟ್ರೆಷ್ಟು?"

"ನಾನೂ ಮನುಷ್ಯಳೇ. ಒಂದು ದಿನ ತಪ್ಪು ಮಾಡ್ತೀನಿ. ಅವತ್ತು ಹಿಡಿಯೋಕೆ ಅಂತಾನೇ ಇನ್ನೊಬ್ಬರು ನೋಡಬೇಕು ಅನ್ನೋದು. ಮೇಲೆ ಹಾರೋನು ನೀನು, ನಿಂಗೇ ಭಯ ಇಲ್ವಾ?"

"ನೀನು ತಪ್ಪು ಮಾಡಲ್ಲ ಬಿಡು" ಎಂದು ಅವನು ಸಾಸೇಜು ಮಗುಚಿದ.

ಹೆಂಡತಿಯನ್ನು ಹೊಗಳಿದೆ ಅಂದುಕೊಂಡಿದ್ದ ಪೆದ್ದ. ಅಪ್ಪನಿಂದ ಟೋಪಿಯ ಅಳತೆ ಬಂದಿತ್ತು, ಅದರೊಳಗಿನ ಖಾಲಿ ಜಾಗವೂ ಬಂದಿತ್ತು. ತಾನು ಹೆತ್ತ ಮಗನ ಬಗ್ಗೆ ಹೀಗೆ ಅನ್ನಿಸಿದ್ದಕ್ಕೆ ರೇಲೀನ್‌ಗೆ ನಾಚಿಕೆಯಾಯಿತು, ಆದರೆ ಅನ್ನಿಸಿದ್ದು ಸುಳ್ಳಲ್ಲ.

ಅದಾದ ಎರಡು ವಾರಕ್ಕೆ, ದನ ಕೂಡಿಸುವ ಕೆಲಸ ಜೋರಾಗಿದ್ದಾಗ, ಶಾಲೆಯಿಂದ ಫೋನ್ ಬಂತು. ಇಂಡಿ ಜಾರುಬಂಡಿಯಿಂದ ಬಿದ್ದು ಕೈ ಊದಿದೆಯಂತೆ. ಬ್ರಯೋನಿ ಹೆಲಿಕಾಪ್ಟರಿನ ಬಾಲದ ಚಿಕ್ಕ ಫ್ಯಾನನ್ನು ಕೂರಿಸುತ್ತಿದ್ದಳು. ಕೊನೆಯ ನಟ್ಟನ್ನು ಬೆರಳಲ್ಲಿ ತಿರುಗಿಸಿ ನಿಲ್ಲಿಸಿದ್ದಳು, ಸ್ಪ್ಯಾನರ್ ಇನ್ನೂ ಹಾಕಿರಲಿಲ್ಲ. ಕೆಲಸ ಬಾಕಿ ಇದೆ ಅನ್ನುವ ಗುರುತಿಗೆ ಬಾಲಕ್ಕೊಂದು ಕೆಂಪು ಬಟ್ಟೆ ಕಟ್ಟಿ ಓಡಿಬಂದಳು. ಕಾರು ಹತ್ತುವ ಮೊದಲು ವರಾಂಡದ ಮುಂದೆ ನಿಂತು ಕೂಗಿದಳು.

"ನೆವ್, ಬಾಲದ ಕೆಲಸ ಮುಗಿದಿಲ್ಲ! ಮುಗಿದಿಲ್ಲ! ಕೇಳಿಸ್ತಾ?"

"ಹೂಂ, ಹೂಂ" ಎಂದ ನೆವ್. ರೇಡಿಯೊದಲ್ಲಿ ಕುದುರೆಗಳು ಕೊನೆಯ ತಿರುವಿನಲ್ಲಿದ್ದವು.

ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾದು, ಕೈಗೆ ಪಟ್ಟಿ ಕಟ್ಟಿಸಿ, ಅತ್ತು ಸುಸ್ತಾದ ಮಗುವನ್ನು ಎತ್ತಿಕೊಂಡು ಬ್ರಯೋನಿ ಮನೆಗೆ ಬಂದಾಗ ಊಟದ ಹೊತ್ತು ಮೀರಿತ್ತು. ಮಗುವಿನ ಪಕ್ಕದಲ್ಲೇ ಮಲಗಿಬಿಟ್ಟಳು. ಆ ಸಂಜೆ ನೆವ್ ಎಂದಿನಂತೆ ಹ್ಯಾಂಗರಿಗೆ ಹೋಗಿ ಬಂದಿದ್ದ, ಶಿಳ್ಳೆ ಹಾಕುತ್ತಾ.

ಬೆಳಗಾಗುತ್ತಲೇ ಡೇಮಿಯನ್ ಹೊರಟಿದ್ದ. ರೇಲೀನ್ ಉಪ್ಪುಮಾಂಸದ ಸ್ಯಾಂಡ್‌ವಿಚ್ ಕಟ್ಟಿ, ಫ್ಲಾಸ್ಕಿಗೆ ಟೀ ತುಂಬಿಕೊಂಡು ಬಯಲು ದಾಟಿ ಬಂದಳು. ಹೆಲಿಕಾಪ್ಟರ್ ಆಗಲೇ ಹೊರಗೆ ನಿಂತಿತ್ತು. ಮಗ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹತ್ತಿ ಕೂತು ಬೆಲ್ಟು ಹಾಕಿಕೊಳ್ಳುತ್ತಿದ್ದ.

"ಬ್ರೈ ಎದ್ಲಾ?" ಎಂದಳು ರೇಲೀನ್.

"ಇಲ್ಲಮ್ಮ, ಮಲಗಿದಾಳೆ. ಅಪ್ಪ ನಿನ್ನೇನೇ ಎಲ್ಲಾ ನೋಡಿ ಗೆರೆ ಹಾಕಿದಾರೆ."

ರೇಲೀನ್ ಬಾಲದ ಕಡೆಯಿಂದಲೇ ಬಂದಿದ್ದಳು. ಅವಳಿಗೆ ಯಂತ್ರದ ಗಂಧ ಗಾಳಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ತನ್ನ ಉಗುರುಬಣ್ಣ. ಚಿಕ್ಕ ಫ್ಯಾನಿನ ನಡುವೆ ಅದು ಹೊಚ್ಚಹೊಸದಾಗಿ ಹೊಳೆಯುತ್ತಿತ್ತು, ಒಂದೇ. ಪಕ್ಕದಲ್ಲಿ ಬಿಳಿ ಇರಲಿಲ್ಲ. ಇಷ್ಟು ವರ್ಷದಲ್ಲಿ ಬಿಳಿಯಿಲ್ಲದ ಕೆಂಪನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

"ಡೇಮೋ, ಬಿಳಿ ಎಲ್ಲಿ?"

"ಯಾವ ಬಿಳಿ?"

"ಇಳಿ ಕೆಳಗೆ."

"ಅಮ್ಮ, ಹೊತ್ತಾಯ್ತು. ದನ ಕಾಯ್ತಾ ಇರಲ್ಲ."

"ಇಳಿಯೋ ಕೆಳಗೆ ಅಂದೆ!"

ಅಮ್ಮ ಹೀಗೆ ಕಿರುಚಿದ್ದನ್ನು ಅವನು ಚಿಕ್ಕಂದಿನಲ್ಲಿ ಹಾವು ಬಂದಾಗ ಕೇಳಿದ್ದ. ಇಳಿದು ಬಂದ. ನಟ್ಟಿನ ಮೇಲೆ ಎರಡು ಬೆರಳಿಟ್ಟು ತಿರುಗಿಸಿದ. ಜಾಮಿನ ಸೀಸೆಯ ಮುಚ್ಚಳದಷ್ಟು ಸಲೀಸಾಗಿ ತಿರುಗಿತು. ಕೆಂಪು ಗೆರೆ ಎರಡು ತುಂಡಾಯಿತು. ಮೇಲೆ ಹೋದ ಮೇಲೆ ಬಾಲದ ಫ್ಯಾನು ಕಳಚಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬ್ರಯೋನಿ ಕಟ್ಟಿದ್ದ ಕೆಂಪು ಬಟ್ಟೆ ಹ್ಯಾಂಗರಿನ ಮೇಜಿನ ಮೇಲೆ ಬಿದ್ದಿತ್ತು. ನೆವ್ ಅದನ್ನು ಬಿಚ್ಚಿ ಕೈ ಒರೆಸಿಕೊಂಡಿದ್ದ.

ನೆವ್ ಅಡುಗೆಮನೆಯಲ್ಲಿ ಟೋಸ್ಟಿಗೆ ಕಾಯುತ್ತಿದ್ದ. ಮೂವರೂ ಒಟ್ಟಿಗೆ ಒಳಗೆ ಬಂದದ್ದು ಹೆಜ್ಜೆಯ ಸದ್ದಿನಿಂದ ಗೊತ್ತಾಯಿತು, ಮುಖಗಳಿಂದಲ್ಲ. ಬ್ರಯೋನಿ ಹಾಸಿಗೆಯಿಂದೆದ್ದ ಬಟ್ಟೆಯಲ್ಲೇ ಬಂದಿದ್ದಳು.

ರೇಲೀನ್ ವಿಷಯವನ್ನು ಒಂದೇ ಉಸಿರಿಗೆ ಹೇಳಿದಳು. ನೆವ್ ಕೇಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವನು ಮೊದಲು ಆಡಿದ ಮಾತೂ ಹಾಗೇ ಇತ್ತು.

"ಅರ್ಧ ಕೆಲಸ ಬಿಟ್ಟು ಹೋದೋಳು ಅವಳು. ಬಿಳಿ ಹಾಕದೆ ಹೋದ್ಲು ಅಂದ್ರೆ ತಪ್ಪು ಯಾರದು?"

"ಬಿಳಿ ಹಾಕಿಲ್ಲ ಅಂದ್ರೆ ಮುಗಿದಿಲ್ಲ ಅಂತ ಅರ್ಥ!" ಎಂದು ಕೂಗಿದಳು ಬ್ರಯೋನಿ. "ಅದನ್ನ ನಂಗೆ ಕಲಿಸಿದ್ದೇ ನೀವು!"

"ಅಪ್ಪ, ನಾನು ಅದರಲ್ಲಿ ಕೂತಿದ್ದೆ" ಎಂದ ಡೇಮಿಯನ್. "ಬೆಲ್ಟು ಹಾಕಿದ್ದೆ."

ಆಗ ನೆವ್‌ನ ಮುಖ ಜೋತುಬಿತ್ತು. ಮಗ ಸಾಯುತ್ತಿದ್ದ ಅನ್ನುವುದಕ್ಕೋ, ಕಣ್ಣಿನ ಗುಟ್ಟು ಬಯಲಾಯಿತು ಅನ್ನುವುದಕ್ಕೋ, ಹೇಳುವುದು ಕಷ್ಟ. ಮುಂದೆ ಅವನು ಆಡಿದ್ದನ್ನು ಕೇಳಿದರೆ ಎರಡನೆಯದಕ್ಕೇ ಇರಬೇಕು.

"ಸರಿ, ಆಗಿದ್ದಾಯ್ತು" ಎಂದು ದನಿ ಇಳಿಸಿದ. "ಮನೆ ಮಾತು ಮನೇಲೇ ಇರಲಿ. ಬ್ರಯೋನಿ, ತಾ ನಿನ್ನ ಪೇಪರು. ಈಗಲೇ ಸಹಿ ಹಾಕ್ತೀನಿ. ಮೂರು ವರ್ಷದ್ದೂ ಹಾಕ್ತೀನಿ. ನಿಂಗೆ ಲೈಸೆನ್ಸ್ ಬರಲಿ, ನೀನೇ ನಡೆಸು."

ಟೋಸ್ಟು ಟಪ್ಪೆಂದು ಮೇಲೆ ಹಾರಿತು. ಯಾರೂ ತೆಗೆಯಲಿಲ್ಲ.

"ತಗೋ ಬ್ರೈ" ಎಂದಳು ರೇಲೀನ್. ಅವಳಿಗೆ ಅದೇ ಸರಿ ಅನ್ನಿಸಿತ್ತು. "ಹಾಕಿಸ್ಕೊಂಡುಬಿಡು. ನಿನ್ನ ಮೂರು ವರ್ಷದ ಬೆವರು ಅದು. ಇನ್ನು ಮೇಲೆ ಇವನ ಹಂಗೇ ಬೇಡ."

ಬ್ರಯೋನಿ ಇಬ್ಬರನ್ನೂ ನೋಡಿದಳು.

"ಏನಂತ ಸಹಿ ಹಾಕ್ತೀರಿ ನೆವ್?"

"ನಿನ್ನ ಕೆಲಸ ನೋಡಿದ್ದೀನಿ ಅಂತ."

"ನಾನೀಗ ಯಾವ ಬಣ್ಣದ ಅಂಗಿ ಹಾಕಿದ್ದೀನಿ?"

ನೆವ್ ಬಾಯಿ ತೆರೆದ. ಕಣ್ಣು ಕಿರಿದು ಮಾಡಿದ. "ನೀಲಿ" ಎಂದ.

ಹಳದಿ ಅಂಗಿ. ಮೈತುಂಬ ಬಾತುಕೋಳಿಯ ಚಿತ್ರ.

"ನೋಡದೆ ಹಾಕೋ ಸಹಿ ನಂಗೆ ಬೇಡ" ಎಂದಳು ಬ್ರಯೋನಿ. "ಅದರ ಮೇಲೆ ಲೈಸೆನ್ಸ್ ತಗೊಂಡ್ರೆ ನಾಳೆ ನಾನೂ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೋಬಹುದು. ಇವತ್ತೇ ಫೋನ್ ಮಾಡಿ ವಿಮಾನ ಇಲಾಖೆಗೆ ನಾನೇ ಹೇಳ್ತೀನಿ."

"ನಿನ್ನ ಮೂರು ವರ್ಷಾನೂ ಹೊಡ್ಕೊಂಡು ಹೋಗುತ್ತೆ ಕಣೇ!" ರೇಲೀನ್ ಅವಳ ತೋಳು ಹಿಡಿದಳು. "ಸ್ವಲ್ಪ ಬುದ್ಧಿ ಉಪಯೋಗಿಸು!"

ಬ್ರಯೋನಿ ತೋಳು ಬಿಡಿಸಿಕೊಂಡಳು. "ನಿಮಗೆ ಗೊತ್ತಿತ್ತು ರೇಲೀನ್. ಬಿಸಿಲು ಜಾಸ್ತಿ ಅಂದ್ರಿ. ದಿನಾ ಹತ್ತೂವರೆಗೆ ಆ ಕುರ್ಚಿಗೆ ಟೀ ತಗೊಂಡು ಹೋದ್ರಿ. ಇವರಿಗೆ ಕಣ್ಣು ಕಾಣಲ್ಲ, ನಿಮಗೆ ಕಾಣುತ್ತೆ. ಯಾರು ಹೆಚ್ಚು ಕೆಟ್ಟೋರು ಅಂತ ನೀವೇ ಹೇಳಿ."

ಕೆಟ್ಟ ಮಾತು ಸುಳ್ಳಾಗಿದ್ದರೆ ಉತ್ತರ ಕೊಡಬಹುದು.

ಇಲಾಖೆಯ ಇಬ್ಬರು ಬಂದರು, ಟೀ ಬೇಡ ಅಂದರು, ಹ್ಯಾಂಗರಿಗೆ ಬೀಗ ಬಿತ್ತು. ಗೋಡೆಯ ಲೈಸೆನ್ಸು ಅಮಾನತಾಯಿತು. ಬ್ರಯೋನಿಯ ಮೂರು ವರ್ಷದಲ್ಲಿ ಮೊದಲ ವರ್ಷ ಮಾತ್ರ ಲೆಕ್ಕಕ್ಕೆ ಉಳಿಯಿತು, ಆಗ ನೆವ್ ಪಕ್ಕದಲ್ಲಿ ನಿಂತು ನೋಡುತ್ತಿದ್ದನೆಂದು. ಮಿಕ್ಕದ್ದನ್ನು ಮೊದಲಿನಿಂದ ಮಾಡಬೇಕು. ಅವಳು ಇಂಡಿಯನ್ನು ಕರೆದುಕೊಂಡು ಡಾರ್ವಿನ್ ನಗರಕ್ಕೆ ಹೋಗಿ ಅಲ್ಲೊಂದು ಹ್ಯಾಂಗರಿನಲ್ಲಿ ಮತ್ತೆ ಅಪ್ರೆಂಟಿಸ್ ಆದಳು. ಡೇಮಿಯನ್ ಬೇರೆಯವರ ಹೆಲಿಕಾಪ್ಟರ್ ಹಾರಿಸುವ ಕೆಲಸ ಹಿಡಿದ. ಈಗ ಹತ್ತುವ ಮೊದಲು ಎರಡು ಸಲ ಸುತ್ತು ಹಾಕುತ್ತಾನಂತೆ.

"ಹೆಂಗಿದೆ ಅಲ್ಲಿ?" ರೇಲೀನ್ ಫೋನಿನಲ್ಲಿ ಕೇಳಿದಳು. ಮೊದಮೊದಲು ಬ್ರಯೋನಿ ಮಾತು ಆಡದೆ ಫೋನನ್ನು ಮಗುವಿಗೆ ಕೊಟ್ಟುಬಿಡುತ್ತಿದ್ದಳು. ಈ ಸಲ ಕೊಡಲಿಲ್ಲ.

"ಒಬ್ಬ ಮುದುಕ ಇದಾನೆ. ಮೈಮೇಲೆ ಬೀಳೋ ಹಾಗೆ ನಿಂತ್ಕೊಂಡು ನೋಡ್ತಾನೆ. ಈರುಳ್ಳಿ ವಾಸನೆ. ಮೊನ್ನೆ ಒಂದು ತಪ್ಪು ಮಾಡಿದ್ದೆ, ಹಿಡಿದು ಚೆನ್ನಾಗಿ ಬೈದ. ಎಷ್ಟು ಖುಷಿಯಾಯ್ತು ಗೊತ್ತಾ?"

ಕಳೆದುಕೊಳ್ಳಲು ಇನ್ನೇನೂ ಇಲ್ಲದ್ದರಿಂದ ನೆವ್ ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಒಪ್ಪಿದ. ಎರಡೂ ಕಣ್ಣಿಗೆ ಪೊರೆ. ಡಾರ್ವಿನ್‌ನ ಆಸ್ಪತ್ರೆಯಲ್ಲಿ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಶುರುಮಾಡಿ ರೇಲೀನ್ ಒಂದು ಕಪ್ ಕಾಫಿ ಕುಡಿಯುವಷ್ಟರಲ್ಲಿ ಮುಗಿಸಿದರು. ಯಾವ ವರ್ಷ ಬಂದಿದ್ದರೂ ಇಷ್ಟೇ ಹೊತ್ತು ಹಿಡಿಯುತ್ತಿತ್ತು ಎಂದು ನರ್ಸ್ ಹೇಳಿದಳು. ಇಷ್ಟಕ್ಕಾಗಿ ಒಬ್ಬ ಮಗನನ್ನು ಹೂಳಬೇಕಾಗಿ ಬರುತ್ತಿತ್ತು, ಇಷ್ಟಕ್ಕಾಗಿ ಒಬ್ಬ ಹುಡುಗಿಯ ಎರಡು ವರ್ಷ ಮಣ್ಣುಪಾಲಾಯಿತು. ರೇಲೀನ್ ಕಾಫಿಯ ಕಪ್ಪನ್ನು ಕಸದ ಬುಟ್ಟಿಗೆ ಎಸೆದ ರಭಸಕ್ಕೆ ಪಕ್ಕದಲ್ಲಿ ಕೂತಿದ್ದವರು ತಿರುಗಿ ನೋಡಿದರು.

ಮಾರನೆಯ ದಿನ ಕಣ್ಣಿನ ಪಟ್ಟಿ ತೆಗೆದರು. ನೆವ್ ಕಿಟಕಿ ನೋಡಿದ, ಗೋಡೆಯ ಗಡಿಯಾರ ನೋಡಿ ಗಂಟೆ ಹೇಳಿದ, ಮಗುವಿನ ಹಾಗೆ ನಕ್ಕ. ಆಮೇಲೆ ಎದುರಿಗೆ ನಿಂತ ಹೆಂಡತಿಯನ್ನು ನೋಡಿದ. ಅವಳ ಬೆಳ್ಳಗಾದ ಕೂದಲು, ಕಣ್ಣಿನ ಸುತ್ತ ಬಿದ್ದ ಗೆರೆ, ಕುತ್ತಿಗೆಯಲ್ಲಿ ಜೋತ ಚರ್ಮ. ನಗು ನಿಂತುಹೋಯಿತು.

"ರೇಲೀನ್, ನಿಂಗೆ ಇಷ್ಟೊಂದು ವಯಸ್ಸು ಯಾವಾಗ ಆಯ್ತೇ?"

"ಯಾಕೆ? ದಿನಾ ನೋಡ್ತಾನೇ ಇದ್ಯಲ್ಲ ನೆವ್" ಎಂದಳು ರೇಲೀನ್, ಅವನ ಟೋಪಿಯನ್ನು ಅವನ ತೊಡೆಯ ಮೇಲೆ ಹಾಕಿ. "ಅಗತ್ಯವಿರುವಷ್ಟು."

ಬ್ರಯೋನಿ ಊಟಕ್ಕೆ ಕರೆದಿದ್ದಳು, ಅತ್ತೆಯೊಬ್ಬಳನ್ನೇ. ರೇಲೀನ್ ಕೈಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಳು.